ಕಡಲಯಾನ ಕಲಿಸಿದ ಊಟದ ಪಾಠ

ಬೆಳಗಾವಿಯವರಾದ ನಾವು ಕಾರವಾರಕ್ಕೆ ಹೋಗುವುದು ಸಾಮಾನ್ಯವಾಗಿ ವಿಹಾರಕ್ಕಾಗಿ. ಆ ತೀರದ ಸಮೀಪದಲ್ಲಿಯೇ ಇರುವ ಅಂಜದೀವ ದ್ವೀಪದಿಂದ 1498ರ ಅಕ್ಟೋಬರಿನಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಆಫ್ರಿಕದತ್ತ ಹೊರಟವು. ಅದೇ ವರ್ಷದ ಏಪ್ರಿಲ್-ಮೇ ತಿಂಗಳುಗಳಲ್ಲಿ, ಅನುಕೂಲವಾದ ಗಾಳಿಯಿಂದಾಗಿ, ಮಾಲಿಂದಿಯಿಂದ ನಮ್ಮ ಪಶ್ಚಿಮ ತೀರಕ್ಕೆ ಬರಲು ಸುಮಾರು 23 ದಿನಗಳು ಸಾಕಾಗಿದ್ದವು. ಮರಳುವಾಗಲಾದರೋ ಈಶಾನ್ಯ ಮಾರುತ ನೆಲೆಗೊಳ್ಳುವ ಮುನ್ನವೇ ಹೊರಟುದರಿಂದ, ಅದೇ ಕಡಲನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ನಾವಿಕರ ವಸಡುಗಳು ಬಾತು ಹಲ್ಲುಗಳನ್ನು ಮುಚ್ಚಿದವು, ಕಾಲುಗಳು ಊದಿದವು, ಸುಮಾರು 30 ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಶಕ್ತರಾಗಿ ಉಳಿದವರು ಏಳೆಂಟು ಜನ ಮಾತ್ರ. 1499ರ ಜನವರಿಯಲ್ಲಿ ಮಾಲಿಂದಿಯನ್ನು ಸೇರಿದಾಗ ರೋಗಿಗಳು ಹಂಬಲಿಸಿದ್ದು ಕಿತ್ತಳೆಹಣ್ಣಿಗಾಗಿ.

ಇದೇ ಸ್ಕರ್ವಿ ರೋಗ. ದೇಹದ ಅಂಗಾಂಶಗಳನ್ನು ಬಿಗಿಹಿಡಿಯುವ ಕೊಲಾಜನ್ ಸರಿಯಾಗಿ ರೂಪುಗೊಳ್ಳಲು ಸಿ ಜೀವಸತ್ವ ಬೇಕು. ಅದನ್ನು ನಮ್ಮ ದೇಹವು ತಾನೇ ತಯಾರಿಸಲಾರದು; ತಾಜಾ ಆಹಾರ ತಪ್ಪಿದರೆ, ಇರುವ ಸಂಗ್ರಹವು ಒಂದರಿಂದ ಮೂರು ತಿಂಗಳೊಳಗೆ ಬರಿದಾಗುತ್ತದೆ. ಗಾಳಿ ಕೈಕೊಟ್ಟಾಗ ನಾವಿಕರ ಪ್ರಾಣಕ್ಕೆ ಕುತ್ತು ಬಂದುದು ಹೀಗೆ.

ಕಿತ್ತಳೆಯ ಗುಣವನ್ನು ನಾವಿಕರು ಅನುಭವದಿಂದ ಅರಿತಿದ್ದರೂ ಅದನ್ನು ಪರೀಕ್ಷಿಸಿದವರು ವಿರಳ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಮದ್ದನ್ನಿತ್ತು ಹೋಲಿಸಿ ನೋಡಿದನು. ಕಿತ್ತಳೆ, ನಿಂಬೆಗಳನ್ನು ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಆದರೂ ಬ್ರಿಟಿಷ್ ನೌಕಾಪಡೆಯು ನಿಂಬೆರಸ ಹಂಚಲು ಒಪ್ಪಿದ್ದು 1795ರಲ್ಲಿ! ಅನಂತರವೂ ವರ್ಷಗಟ್ಟಲೆ ಸಂಚರಿಸುತ್ತಿದ್ದ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಸ್ಕರ್ವಿ ಕಾಣಿಸುತ್ತಲೇ ಇತ್ತು. ಉತ್ತರಧ್ರುವ ಪ್ರದೇಶದ ಇನ್ಯೂಟ್ ಜನರಾದರೋ ತಿಮಿಂಗಿಲದ ಹಸಿ ಚರ್ಮವನ್ನು ತಿನ್ನುತ್ತಿದ್ದರು. ಅದರಲ್ಲಿ ಸಿ ಜೀವಸತ್ವವುಂಟು. ಮದ್ದು ಬೇಟೆಗಾರರ ಕೈಯಲ್ಲಿಯೇ ಇತ್ತು!

ತಿಳಿವಿಗೂ ಆಚರಣೆಗೂ ನಡುವಣ ಈ ಅಂತರ ನಮ್ಮಲ್ಲಿಯೂ ಇದೆಯೆಂಬುದು ನಮ್ಮ ಅಭಿಪ್ರಾಯ. ಸ್ಕರ್ವಿ ಇಂದು ವಿರಳ. ಆದರೆ ರಕ್ತಹೀನತೆ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ವಿರಳವಲ್ಲ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ; ಊಟದೊಡನೆ ಕುಡಿದ ಚಹಾ ಅಡ್ಡಿಯಾಗುತ್ತದೆ. ನಮ್ಮ ವಿದ್ಯಾರ್ಥಿಗಳು ಜೀವಸತ್ವಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಊಟವಾದೊಡನೆ ಚಹಾ ಕುಡಿಯುತ್ತಾರೆ. ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯೆಸೊಪ್ಪನ್ನು ತಿನ್ನುವ ನಮ್ಮ ಹಿರಿಯರ ರೂಢಿಯೇ ಮೇಲು. ಬೇಯಿಸಿದಾಗ ಈ ಸತ್ವವು ಬಹಳಷ್ಟು ನಾಶವಾಗುವುದರಿಂದ, ನಿಂಬೆಯನ್ನು ಹಿಂಡಬೇಕಾದದ್ದು ಒಲೆಯ ಮೇಲಲ್ಲ, ತಟ್ಟೆಯಲ್ಲಿ. ಖಾನಾಪುರದ ಕಾಡಿನಲ್ಲಿ ಬೆಳೆಯುವ ನೆಲ್ಲಿಯಲ್ಲಂತೂ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ.

ವಿದ್ಯಾರ್ಥಿನಿಲಯಗಳ ಊಟದಲ್ಲಿ ಒಂದು ಹೋಳು ನಿಂಬೆಯನ್ನೋ ಒಂದು ನೆಲ್ಲಿಕಾಯಿಯನ್ನೋ ಕಡ್ಡಾಯಗೊಳಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಲಿಂಡನ ಪ್ರಯೋಗದಂತೆ ಇದಕ್ಕೂ 48 ವರ್ಷ ಕಾಯಬೇಕೆ?