ಬೇಕಾದ್ದು ಮಾತ್ರೆ, ಕೊಟ್ಟದ್ದು ಮಂಚ!

ಬೆಳಿಗ್ಗೆ ಜರಗನಹಳ್ಳಿ ಬಸ್ ಸ್ಟಾಪಿನಲ್ಲಿ ನಿಂತು ನೋಡಿ. ಖಾಲಿ ಹೊಟ್ಟೆಯಲ್ಲಿ, ಕೈಯಲ್ಲಿ ಡಾಕ್ಟರ ಚೀಟಿ ಹಿಡಿದು ಜಯನಗರದ ಕಡೆ ಹೊರಟ ಅಜ್ಜ-ಅಜ್ಜಿಯರು ಕಣ್ಣಿಗೆ ಬೀಳುತ್ತಾರೆ. ಸಕ್ಕರೆ ಕಾಯಿಲೆ!

ಬಡವ-ಬಲ್ಲಿದರೆನ್ನದೆ 70 ತುಂಬಿದ ಎಲ್ಲರಿಗೂ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಸಾರಿತು. ಸಂತೋಷ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ದಿನಾ ನುಂಗುವ ಮಾತ್ರೆ, ಚುಚ್ಚಿಕೊಳ್ಳುವ ಇನ್ಸುಲಿನ್, ಆಗಾಗ ಮಾಡಿಸುವ ರಕ್ತಪರೀಕ್ಷೆ, ಇವಕ್ಕೆಲ್ಲ ಸ್ವಂತ ಜೇಬೇ ಗತಿ. ಅಂದ್ರೆ ಕಾಲು ಕೊಳೆತರೆ ವಿಮೆ ಉಂಟು, ಕೊಳೆಯದಂತೆ ನೋಡಿಕೊಳ್ಳೋಕೆ ಇಲ್ಲ. ಇದ್ಯಾವ ಲೆಕ್ಕ ಸ್ವಾಮಿ?

ಖಾಸಗಿ ವಿಮೆಯ ಕಂತಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಹೋಯಿತು, ನಿಜ. ಆದರೂ ಮೊದಲೇ ಇದ್ದ ಕಾಯಿಲೆಗೆ ಕಂಪನಿ 3 ವರ್ಷದವರೆಗೂ ಕಾಯಿಸಬಹುದು. ಎಪ್ಪತ್ತರ ಮುದುಕನಿಗೆ 3 ವರ್ಷ ಸಣ್ಣ ಮಾತೇ?

ಮನೆಬಾಗಿಲಿಗೇ ಬಂದು ಸಕ್ಕರೆ, ಬಿಪಿ ನೋಡುವ ‘ಗೃಹ ಆರೋಗ್ಯ’ವನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿತು. ಬೇಕಾದ್ದು ಅದೇ. ಸಾರಕ್ಕಿ, ಜರಗನಹಳ್ಳಿಯ ವಠಾರಗಳಿಗೂ ಅದು ತಿಂಗಳು ತಪ್ಪದೆ ಬರಬೇಕು, ಮಾತ್ರೆ ಸಮೇತ.

ಅಲ್ಲಿವರೆಗೆ, ಹಿರಿಯರೇ, ದುಡ್ಡು ಉಳಿಸೋಕೆ ಮಾತ್ರೆ ಅರ್ಧ ಮುರಿದು ನುಂಗಬೇಡಿ. ಚೀಟಿ ಹಿಡಿದು ಜನೌಷಧಿ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ.