ಎಡಿಟಿಂಗ್ ಕಲಿಸದೆ ಪದವಿ ಕೊಡಬೇಡಿ

‘ಪತ್ರಿಕೋದ್ಯಮ ವಿಭಾಗಗಳು ರೀಲ್ಸ್ ಮಾಡುವವರನ್ನು ತಯಾರಿಸುತ್ತಿವೆ. ಮೊದಲು ನಾಲ್ಕು ಸಾಲು ಕನ್ನಡ ನೆಟ್ಟಗೆ ಬರೆಯಲು ಕಲಿಸಲಿ’ ಎಂಬ ಮಾತನ್ನು ವಿಚಾರ ಸಂಕಿರಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಹಿರಿಯರು, ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ವಿಡಿಯೊ ಶೂಟಿಂಗ್, ಎಡಿಟಿಂಗ್ ಬೇಡವೆನ್ನುವ ಈ ಮಾತು ಶುದ್ಧ ತಪ್ಪು. ಅಪಾಯಕಾರಿ ಕೂಡ.

ಯಾಕೆಂದು ತಿಳಿಯಲು 2018ನ್ನು ನೆನಪಿಸಿಕೊಳ್ಳಿ. ಬೈಕಿನಲ್ಲಿ ಬಂದವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದೇ ಮಾಡಿದ್ದ ಚಿತ್ರ. ಅದರ ಕೊನೆಯಲ್ಲಿ ಬೈಕಿನವರು ವಾಪಸು ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನಷ್ಟೇ ಕತ್ತರಿಸಿದರು. ಒಂದೇ ಒಂದು ಕಟ್! ಮಕ್ಕಳ ಕಳ್ಳರ ವದಂತಿ ದೇಶದ ತುಂಬ ಹಬ್ಬಿದ್ದ ಆ ವರ್ಷ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಅಮಾಯಕರನ್ನು ಹೊಡೆದು ಕೊಂದರು.

ಆ ಕಟ್ ಯಾರ ಕಣ್ಣಿಗೆ ಬೀಳಬೇಕಿತ್ತು? ಟೈಮ್‌ಲೈನ್ ಮುಂದೆ ಒಮ್ಮೆಯಾದರೂ ಕೂತವನು ಯಾವ ವಿಡಿಯೊ ನೋಡಿದರೂ ಕೇಳುವ ಮೊದಲ ಪ್ರಶ್ನೆ: ಇದು ಇಲ್ಲಿಗೇ ಯಾಕೆ ನಿಂತಿತು? ಇದರ ರಾ ಫೂಟೇಜ್, ಅಂದರೆ ಕತ್ತರಿಸದ ಮೂಲ ದೃಶ್ಯ, ಎಲ್ಲಿ? ಈ ಪ್ರಶ್ನೆ ಪುಸ್ತಕ ಓದಿ ಹುಟ್ಟುವುದಿಲ್ಲ. ತಾನೇ ಒಂದು ಬೈಟ್‌ನ ಮಧ್ಯದ ವಾಕ್ಯ ಹಾರಿಸಿ, ಎರಡು ತುದಿ ಜೋಡಿಸಿ, ಆ ಜೋಡಣೆಯನ್ನು ಜನರ ಗುಂಪಿನ ದೃಶ್ಯವೊಂದರಿಂದ ಮುಚ್ಚಿದಾಗ ಹುಟ್ಟುತ್ತದೆ. ಮಾತಾಡಿದವನ ಅರ್ಥವೇ ತಲೆಕೆಳಗಾಗಿದೆ, ನೋಡುವವನಿಗೆ ಸುಳಿವೇ ಇಲ್ಲ ಎಂದು ಕಂಡಾಗ ವಿದ್ಯಾರ್ಥಿ ಬೆಚ್ಚುತ್ತಾನೆ. ಬೆಚ್ಚಬೇಕು. ಪತ್ರಿಕಾ ನೀತಿಯ ಪಾಠ ಶುರುವಾಗುವುದೇ ಅಲ್ಲಿ.

‘ಅದು ಕ್ಯಾಮೆರಾಮನ್ ಕೆಲಸ, ಎಡಿಟರ್ ಕೆಲಸ’ ಎನ್ನುತ್ತೀರಿ. ಯಾವ ಕಾಲದ ಮಾತಿದು? ಇಂದು ತಾಲ್ಲೂಕಿನ ವರದಿಗಾರ ಒಬ್ಬನೇ ಹೋಗಿ, ಒಬ್ಬನೇ ಶೂಟ್ ಮಾಡಿ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಫೋನಿನಲ್ಲೇ ಎಡಿಟ್ ಮಾಡಿ ಕಳಿಸಬೇಕು. ಅವನಿಗೆ ತಪ್ಪು ತೋರಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಉದಾಹರಣೆಗೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ಫೋಟೊ ಮಾತ್ರವಲ್ಲ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆಯ ವಿವರವನ್ನೂ ಮಾಧ್ಯಮ ಬಯಲು ಮಾಡಬಾರದು ಎನ್ನುತ್ತದೆ. ಮುಖ ಬ್ಲರ್ ಮಾಡಿ, ಸಮವಸ್ತ್ರದ ಬ್ಯಾಡ್ಜ್, ಮನೆಯ ಬಾಗಿಲು, ತಾಯಿಯ ದನಿ ಹಾಗೇ ಬಿಟ್ಟರೆ ಇಡೀ ಊರಿಗೆ ಆ ಮಗು ಯಾರೆಂದು ತಿಳಿಯುತ್ತದೆ. ಇದನ್ನು ಕಲಿಸಬೇಕಾದವರು ಯಾರು?

‘ಈ ಕಾಲದ ಮಕ್ಕಳಿಗೆ ಮೊಬೈಲ್ ಗೊತ್ತೇ ಇದೆಯಲ್ಲ’ ಎಂಬ ಇನ್ನೊಂದು ವಾದವಿದೆ. ಗೊತ್ತಿರುವುದು ಫಿಲ್ಟರ್ ಮತ್ತು ಹಿನ್ನೆಲೆ ಸಂಗೀತ. ಒಂದು ಶಾಟನ್ನು ಅಲುಗಿಸದೆ ಹತ್ತು ಸೆಕೆಂಡ್ ಹಿಡಿಯುವುದು, ಸಂತೆಯ ಗದ್ದಲದಲ್ಲಿ ರೈತನ ಮಾತು ಸ್ಪಷ್ಟವಾಗಿ ಕೇಳುವಂತೆ ಮೈಕ್ ಸಿಕ್ಕಿಸುವುದು, ಹಳೆಯ ದೃಶ್ಯ ಹಾಕಿದರೆ ‘ಸಂಗ್ರಹ’ ಎಂದು ನಮೂದಿಸುವುದು ಯಾವ ಫೋನೂ ಕಲಿಸುವುದಿಲ್ಲ. ಇನ್ನು ಬರವಣಿಗೆ ಹಾಳಾಗುತ್ತದೆ ಎಂಬ ಕೊರಗು. ವಾಯ್ಸ್ ಓವರ್ ಬರೆದು ನೋಡಿ. ದೃಶ್ಯ ಹೇಳಿದ್ದನ್ನು ಮಾತು ಮತ್ತೆ ಹೇಳುವಂತಿಲ್ಲ, ಐದು ಸೆಕೆಂಡಿನ ಶಾಟಿಗೆ ಏಳೆಂಟು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಕನ್ನಡ ಮೊನಚಾಗಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ.

ಆದರೆ ಎಷ್ಟೋ ಕಾಲೇಜುಗಳಲ್ಲಿ ನಡೆಯುತ್ತಿರುವುದು ಏನು? ಕ್ಯಾಮೆರಾ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಮುಖ್ಯಸ್ಥರ ಬಳಿ. ಲಾಂಗ್ ಶಾಟ್, ಮಿಡ್ ಶಾಟ್, ಕ್ಲೋಸ್ ಅಪ್ ಎಂದರೇನೆಂದು ಹತ್ತು ಅಂಕಕ್ಕೆ ಬಾಯಿಪಾಠ. ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ವರ್ಷದ ಎಲ್ಲ ತಿಂಗಳೂ ಸಂಬಳವಿಲ್ಲ, ಮುಂದಿನ ವರ್ಷ ಕೆಲಸ ಇದ್ದೀತೆಂಬ ಖಾತ್ರಿಯಿಲ್ಲ. ಅವರನ್ನು ವರ್ಷಗಟ್ಟಲೆ ಹೀಗೆ ದುಡಿಸಿಕೊಂಡು, ಪ್ರತಿ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಟಿದ್ದನ್ನು ಸ್ಮರಿಸಿ ‘ಪತ್ರಿಕೋದ್ಯಮದ ಗುಣಮಟ್ಟ ಕುಸಿದಿದೆ’ ಎಂದು ಭಾಷಣ ಮಾಡುವುದು ನಾಚಿಕೆಗೇಡು. ಸರ್ಕಾರ ಖಾಲಿ ಹುದ್ದೆ ತುಂಬದೆ, ವಿಶ್ವವಿದ್ಯಾಲಯ ಲ್ಯಾಬ್ ಕೊಡದೆ ಗುಣಮಟ್ಟ ಎಲ್ಲಿಂದ ಬರಬೇಕು?

ಹಣವಿಲ್ಲ ಎನ್ನಬೇಡಿ. ಫೋನ್ ವಿದ್ಯಾರ್ಥಿಯ ಜೇಬಿನಲ್ಲಿದೆ. ಕಾಲರ್ ಮೈಕ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಿನಿಮಾದವರೇ ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಿದೆ. ಬೇಕಾಗಿರುವುದು ಅದನ್ನು ಓಡಿಸುವ ನಾಲ್ಕು ಒಳ್ಳೆಯ ಕಂಪ್ಯೂಟರ್ ಮತ್ತು ಕಾಯಂ ಕೆಲಸವಿರುವ ಒಬ್ಬ ಮೇಷ್ಟರು. ಪರೀಕ್ಷೆಯ ಕ್ರಮವನ್ನೂ ಬದಲಿಸಿ: ಇಪ್ಪತ್ತು ನಿಮಿಷದ ರಾ ಫೂಟೇಜ್ ಕೊಟ್ಟು ಎರಡು ನಿಮಿಷದ ವರದಿ ಮಾಡಿಸಿ. ಏನೇನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಒಂದು ಪುಟ ಬರೆಸಿ. ಅರ್ಧ ಅಂಕ ಆ ಪುಟಕ್ಕೇ ಇರಲಿ.