ಜಪಾನಿಗೆ ಹೊರಟವರಿಗೆ ಮೊದಲ ಪಾಠ ಕನ್ನಡದಲ್ಲೇ ಆಗಲಿ

ಪದವಿ ಮುಗಿಸಿ ಎರಡು ವರ್ಷ ಜಪಾನಿನ ಭಾಷಾ ಶಾಲೆಯಲ್ಲಿ ಓದಿ, ಅಲ್ಲೇ ಕೆಲಸ ಹಿಡಿಯುವ ಮಾತು ಈಗ ನಮ್ಮ ಕಡೆಯ ಮನೆಗಳಲ್ಲೂ ಕೇಳಿಬರುತ್ತಿದೆ. ಹಾಸನದ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗರು ಅದನ್ನೇ ಮಾತಾಡುವುದನ್ನು ನಾನೇ ಕೇಳಿದ್ದೇನೆ. 2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಜಪಾನ್ ಐದು ವರ್ಷಗಳಲ್ಲಿ 5 ಲಕ್ಷ ಜನರ ವಿನಿಮಯ ಆಗಬೇಕೆಂದೂ, ಅದರಲ್ಲಿ 50,000 ಮಂದಿ ಭಾರತದಿಂದ ಹೋಗುವ ಕುಶಲ ಮತ್ತು ಅರೆಕುಶಲ ಕೆಲಸಗಾರರಾಗಿರಬೇಕೆಂದೂ ಗುರಿ ಹಾಕಿಕೊಂಡಿವೆ. ಹಾಗಾಗಿ ಈ ಮಾತು ಇನ್ನೂ ಹೆಚ್ಚುತ್ತದೆ. ಹೋಗಬೇಡಿ ಎನ್ನುವುದು ನನ್ನ ವಾದವಲ್ಲ. ಹೋಗುವವರು ಜಪಾನಿ ಭಾಷೆಯ ತಳಪಾಯವನ್ನು ಇಲ್ಲೇ ಹಾಕಿಕೊಂಡು ಹೋಗಬೇಕು, ಆ ತಳಪಾಯ ಇಂಗ್ಲಿಷಿನ ಮೇಲಲ್ಲ, ಕನ್ನಡದ ಮೇಲೆ ಏಳಬೇಕು, ಅದರಲ್ಲಿ ಶಾಲಾ ಶಿಕ್ಷಕರಾಗಲಿರುವ ನಮಗೂ ಕೆಲಸವಿದೆ ಎನ್ನುವುದು ನನ್ನ ವಾದ.

ಇದನ್ನು ಬರೆಯಲು ಕಾರಣ ಚನ್ನರಾಯಪಟ್ಟಣದ ನನ್ನ ಚಿಕ್ಕಮ್ಮನ ಮಗ. ಬಿ.ಎಸ್ಸಿ. ಮುಗಿಸಿ ಒಸಾಕದ ಒಂದು ಭಾಷಾ ಶಾಲೆಗೆ ಸೇರಿ ಅವನಿಗೆ ಒಂದೂವರೆ ವರ್ಷವಾಯಿತು. ಭಾನುವಾರ ಸಂಜೆ ಫೋನ್ ಮಾಡುತ್ತಾನೆ. ಅವನು ಹೇಳುವ ತರಗತಿಯ ವಿವರಗಳನ್ನು ನಾನು ಪಾಠ ವೀಕ್ಷಣೆಯ ವರದಿಯಂತೆ ಬರೆದಿಟ್ಟುಕೊಳ್ಳುತ್ತೇನೆ. ಅವನ ಜೊತೆಜೊತೆಗೇ ಓದಿ ನಾನೂ ಆರಂಭಿಕ ಮಟ್ಟದ ಜಪಾನಿ ಕಲಿತಿದ್ದೇನೆ.

ಮೊದಲು ಆ ಶಾಲೆಗಳು ಹೇಗೆ ನಡೆಯುತ್ತವೆ ಎಂಬುದು ಗೊತ್ತಿರಬೇಕು. ವಿದ್ಯಾರ್ಥಿ ವೀಸಾ ಸಿಗುವ ಭಾಷಾ ಶಾಲೆಯಲ್ಲಿ ವರ್ಷಕ್ಕೆ ಕನಿಷ್ಠ 760 ಪಿರಿಯಡ್ ಪಾಠವಾಗಬೇಕು. ಪಿರಿಯಡ್ ಎಂದರೆ 45 ನಿಮಿಷ, ಹೆಚ್ಚುಕಡಿಮೆ ನಮ್ಮ ಶಾಲೆಯದರಷ್ಟೇ. ವಾರಕ್ಕೆ 20 ಪಿರಿಯಡ್, ಅರ್ಧ ದಿನದ ಶಾಲೆ. ಒಂದೇ ತರಗತಿಯಲ್ಲಿ ನೇಪಾಳ, ವಿಯೆಟ್ನಾಂ, ಚೀನಾ, ಮ್ಯಾನ್ಮಾರ್‌ಗಳವರು ಇರುವುದರಿಂದ ಮೊದಲ ದಿನದಿಂದಲೇ ಜಪಾನಿಯಲ್ಲೇ ಪಾಠ. ಶಿಕ್ಷಕಿ ಚಿತ್ರಪಟ ಹಿಡಿದು, ಕೈಸನ್ನೆ ಮಾಡಿ, ದನಿ ಏರಿಸಿ ಇಳಿಸಿ, ಒಬ್ಬರು ಹೇಳಿದ್ದನ್ನು ಮತ್ತೊಬ್ಬರಿಂದ ಹೇಳಿಸಿ ಪಾಠ ಮಾಡುತ್ತಾರಂತೆ. ಕೇಳುವಾಗ ನಗು ಬಂತು. ಸೂಕ್ಷ್ಮ ಬೋಧನೆಯಲ್ಲಿ ಪ್ರಚೋದನಾ ಬದಲಾವಣೆ, ಪುನರ್ಬಲನ ಎಂದು ನಾವು ಆರಾರು ನಿಮಿಷ ಬೆವರು ಸುರಿಸುವುದೆಲ್ಲ ಅಲ್ಲಿ ದಿನವಿಡೀ ನಡೆಯುತ್ತದೆ. ಶಿಕ್ಷಕರ ತರಬೇತಿಯನ್ನೂ ಅವರು ಈಚೆಗೆ ಬಿಗಿ ಮಾಡಿದ್ದಾರೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಕಾನೂನಿನಡಿ ಮಾನ್ಯತೆ ಪಡೆವ ಭಾಷಾ ಶಾಲೆಯಲ್ಲಿ ಪಾಠ ಮಾಡಲು ನೋಂದಾಯಿತ ಶಿಕ್ಷಕರಾಗಬೇಕು. ಹೊಸದಾಗಿ ಬರುವವರಿಗೆ ಅದಕ್ಕೆ ಪರೀಕ್ಷೆಯೂ ಉಂಟು, ತರಗತಿಯಲ್ಲಿ ನಿಂತು ಮಾಡುವ ಬೋಧನಾಭ್ಯಾಸವೂ ಉಂಟು.

ಶಾಲೆ ಚೆನ್ನಾಗಿದ್ದರೂ ಎಡವುವುದು ಬೇರೆ ಕಡೆ. ವರ್ಷದ ಶುಲ್ಕ ಸಾಮಾನ್ಯವಾಗಿ 7ರಿಂದ 8 ಲಕ್ಷ ಯೆನ್, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ‘ಪಾರ್ಟ್‌ಟೈಮ್ ಕೆಲಸ ಮಾಡಿದರೆ ಎಲ್ಲ ಖರ್ಚೂ ಅದರಲ್ಲೇ ಹೋಗುತ್ತದೆ’ ಎಂದು ಏಜೆಂಟರು ಹೇಳುತ್ತಾರೆ. ವಿಜ್ಞಾನ ಓದಿದವಳು, ಲೆಕ್ಕ ಹಾಕಿ ನೋಡಿದೆ. ಅನುಮತಿ ಪಡೆದ ವಿದ್ಯಾರ್ಥಿ ಶಾಲೆ ನಡೆಯುವ ದಿನಗಳಲ್ಲಿ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಗಂಟೆಗೆ 1,100 ಯೆನ್ ಎಂದುಕೊಂಡರೆ ನಾಲ್ಕು ವಾರಕ್ಕೆ 1,23,200 ಯೆನ್. ಶುಲ್ಕವನ್ನು ತಿಂಗಳಿಗೆ ಹಂಚಿದರೆ ಅದೇ ಅರುವತ್ತು ಸಾವಿರದ ಮೇಲೆ. ಉಳಿದರ್ಧದಲ್ಲಿ ಬಾಡಿಗೆ, ಊಟ, ರೈಲು, ವಿಮೆ, ಫೋನು. ಅದೂ ಮೊದಲ ದಿನದಿಂದಲೇ ಕೆಲಸ ಸಿಕ್ಕಿದರೆ! 28 ಗಂಟೆ ಮೀರಿದರೆ, ಇಲ್ಲವೆ ಹಾಜರಿ ಕುಸಿದರೆ, ವೀಸಾ ನವೀಕರಣಕ್ಕೇ ಕುತ್ತು.

ನನ್ನ ತಮ್ಮ ಹೇಳಿದ ಇನ್ನೊಂದು ಸಂಗತಿ ಈ ಲೆಕ್ಕಕ್ಕಿಂತ ಮುಖ್ಯವಾದದ್ದು. ಭಾಷೆ ಬಾರದೆ ಬಂದಿಳಿದವನಿಗೆ ಸಿಗುವುದು ಮಾತು ಬೇಡದ ಕೆಲಸ. ರಾತ್ರಿ ಪಾಳಿಯಲ್ಲಿ ಊಟದ ಡಬ್ಬಿ ತುಂಬುವುದು, ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವುದು. ಅಲ್ಲಿ ಜಪಾನಿ ಮಾತಾಡುವ ಸಂದರ್ಭವೇ ಬರುವುದಿಲ್ಲ. ಬೆಳಗ್ಗೆ ತರಗತಿಯಲ್ಲಿ ತೂಕಡಿಕೆ. ವರ್ಷ ಕಳೆದರೂ ಭಾಷೆ ಇದ್ದಲ್ಲೇ ಇರುತ್ತದೆ, ಹಾಗಾಗಿ ಕೆಲಸವೂ ಬದಲಾಗುವುದಿಲ್ಲ. ನಾಲ್ಕು ಮಾತು ಕಲಿತೇ ಹೋದವನು ಅಂಗಡಿಯ ಗಲ್ಲಾದಲ್ಲಿ ನಿಲ್ಲುತ್ತಾನೆ, ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾನೆ. ಅವನಿಗೆ ಸಂಬಳದ ಜೊತೆಗೆ ಮಾತಿನ ಅಭ್ಯಾಸವೂ ಪುಕ್ಕಟೆ ಸಿಗುತ್ತದೆ. ಇಬ್ಬರೂ ಕಟ್ಟುವ ಶುಲ್ಕ ಒಂದೇ. ಎರಡು ವರ್ಷದ ಕೊನೆಗೆ ಒಬ್ಬ ಉದ್ಯೋಗಕ್ಕೆ ಸಾಮಾನ್ಯವಾಗಿ ಕೇಳುವ ಎನ್2 ಮಟ್ಟದ ಹತ್ತಿರ ಬಂದಿರುತ್ತಾನೆ, ಇನ್ನೊಬ್ಬ ಸಾಲದ ಹತ್ತಿರ. ಸೇರುವಾಗ ಶಾಲೆಗಳು ಸಾಮಾನ್ಯವಾಗಿ ಕೇಳುವುದು 150 ಗಂಟೆ ಕಲಿತ ಪತ್ರ ಅಥವಾ ಎನ್5. ಐದು ಮಟ್ಟಗಳಲ್ಲಿ ಇದು ತೀರಾ ಕೆಳಗಿನದು. ಇದಿಷ್ಟೇ ಸಾಕೆಂದು ವಿಮಾನ ಹತ್ತಬಾರದು. ಕನಿಷ್ಠ ಎನ್4 ಇಲ್ಲೇ ಮುಗಿಯಬೇಕು, ಅದಕ್ಕೂ ಮುಖ್ಯವಾಗಿ ಬಾಯಿ ತೆರೆದು ಮಾತಾಡುವ ಅಭ್ಯಾಸವಾಗಬೇಕು. ಏಕೆಂದರೆ ಎನ್5ರಿಂದ ಎನ್1ರವರೆಗಿನ ಈ ಪರೀಕ್ಷೆಯಲ್ಲಿ ಮಾತಾಡಿಸಿ ನೋಡುವ ಭಾಗವೇ ಇಲ್ಲ. ಇರುವುದೆಲ್ಲ ಬಹು ಆಯ್ಕೆಯ ಪ್ರಶ್ನೆ. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರವಿದೆ.

ಇನ್ನು ಕನ್ನಡದ ವಿಷಯ. ಹೊರದೇಶ ಎಂದ ಕೂಡಲೇ ‘ಇಂಗ್ಲಿಷ್ ಮೀಡಿಯಂ ಓದಿದವರಿಗೆ ಮಾತ್ರ’ ಎಂಬ ಭಾವನೆ ನಮ್ಮಲ್ಲಿದೆ. ಜಪಾನಿ ಭಾಷೆಯ ಮಟ್ಟಿಗೆ ಇದು ತಲೆಕೆಳಗು. ‘ನಾನು ನಿನ್ನೆ ಪುಸ್ತಕ ಓದಿದೆ’ ಎಂಬುದು ಜಪಾನಿಯಲ್ಲಿ ‘ವತಶಿ ವ ಕಿನೋ ಹೊನ್ ಒ ಯೊಂದ’. ಪದಗಳ ಸಾಲು ಹಾಗೆಹಾಗೇ ಇದೆ. ‘ನಾನು ನಿನ್ನೆ ಓದಿದ ಪುಸ್ತಕ’ ಎಂದರೆ ‘ವತಶಿ ಗ ಕಿನೋ ಯೊಂದ ಹೊನ್’. ಇಂಗ್ಲಿಷಿನಿಂದ ಬಂದವರು ಈ ವಾಕ್ಯ ಕಟ್ಟಲು ತಲೆಯನ್ನೇ ಹಿಂದುಮುಂದು ಮಾಡಿಕೊಳ್ಳಬೇಕು, ನಾವು ಪದ ಬದಲಿಸಿದರೆ ಸಾಕು. ವಿಭಕ್ತಿ ಪ್ರತ್ಯಯದಂಥವು ನಾಮಪದದ ಹಿಂದೆ ಬರುತ್ತವೆ, ಕ್ರಿಯಾಪದ ಕೊನೆಗೆ ಬರುತ್ತದೆ. ‘ತಿಂದು ನೋಡು’ ಎಂದು ನಾವು ಹೇಳುವಲ್ಲಿ ಅವರು ‘ತಬೆತೆ ಮಿತೆ’ ಎನ್ನುತ್ತಾರೆ. ‘ತಬೆತೆ’ ಎಂದರೆ ತಿಂದು, ‘ಮಿತೆ’ ಎಂದರೆ ನೋಡು. ಕಣ್ಣಿಂದ ನೋಡುವುದಲ್ಲ, ನಮ್ಮ ಹಾಗೇ ಪರೀಕ್ಷಿಸಿ ನೋಡುವುದು! ‘ಬರ್ತಾನೆ ಅಂತ ಹೇಳಿದ’ ಎನ್ನುವಲ್ಲಿನ ‘ಅಂತ’ಕ್ಕೆ ಅವರಲ್ಲಿ ‘ತೊ’ ಇದೆ. ವಸ್ತುವಿಗೆ ಒಂದು, ಎರಡು, ಮನುಷ್ಯರಿಗೆ ಒಬ್ಬ, ಇಬ್ಬರು ಎಂಬ ಭೇದವೂ ಇದೆ. ಜುಳುಜುಳು, ಗಳಗಳ ಎಂಬ ಅನುಕರಣಾವ್ಯಯಗಳಂತೂ ಅವರಲ್ಲಿ ರಾಶಿರಾಶಿ. ಎದೆ ಡವಡವ ಎನ್ನುವುದು ಅಲ್ಲಿ ‘ದೊಕಿದೊಕಿ’.

ಅಕ್ಷರಮಾಲೆಯ ಕ್ರಮ ನೋಡಿ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಮೂಲಕ ಸಂಸ್ಕೃತ ಓದಿದ್ದರ ಫಲವಾಗಿ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೆ ಹೋಗಿ ನಿಂತಿದೆ. ಇದರಿಂದ ಕನ್ನಡ, ಜಪಾನಿ ಅಕ್ಕತಂಗಿಯರು ಎಂದು ಯಾರೂ ಹಿಗ್ಗಬೇಕಿಲ್ಲ. ತಮಿಳಿಗೂ ಜಪಾನಿಗೂ ನಂಟಿದೆ ಎಂದು ಜಪಾನಿನ ವಿದ್ವಾಂಸ ಒನೊ ಸುಸುಮು ವಾದಿಸಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಪಾಠಕ್ಕೆ ನಂಟು ಬೇಕಿಲ್ಲ, ಹೋಲಿಕೆ ಸಾಕು.

ಇಷ್ಟಿದ್ದೂ ನನ್ನ ತಮ್ಮ ಹೋಗಿದ್ದ ತರಬೇತಿ ಕೇಂದ್ರದಲ್ಲಿ ಟಿಪ್ಪಣಿಯೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇತ್ತು. ಜಪಾನಿಯಲ್ಲಿ ಹ್ರಸ್ವ ದೀರ್ಘ, ಒತ್ತಕ್ಷರ ತಪ್ಪಿದರೆ ಅರ್ಥವೇ ಬೇರೆ. ‘ಒಬಸನ್’ ಚಿಕ್ಕಮ್ಮ, ‘ಒಬಾಸನ್’ ಅಜ್ಜಿ. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆ ಚೀಟಿ. ಕಲು, ಕಾಲು, ಕಲ್ಲು ಎಂದು ಒಂದನೇ ತರಗತಿಯಲ್ಲೇ ತಿದ್ದಿಸಿಕೊಂಡ ನಮ್ಮ ಮಕ್ಕಳಿಗೆ ಇದು ಕಷ್ಟವಲ್ಲ. ಕಷ್ಟವಾಗುವುದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಾಗ. ನನ್ನ ತಮ್ಮ ಮೊದಲ ದಿನ ತರಗತಿಯಲ್ಲಿ ಎದ್ದು ‘ಹಸನ್ ಕರ ಕಿಮಶಿತ’ ಎಂದನಂತೆ, ಹಾಸನದಿಂದ ಬಂದೆ ಎನ್ನುವ ಅರ್ಥದಲ್ಲಿ. ಜಪಾನಿಯಲ್ಲಿ ‘ಹಸನ್’ ಎಂದರೆ ದಿವಾಳಿ. ಶಿಕ್ಷಕಿ ನಗು ತಡೆದುಕೊಂಡು ದೀರ್ಘ ಹಾಕಿ ಹೇಳಿಸಿದರಂತೆ. ಮೊದಲ ಎರಡು ವಾರ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಅಷ್ಟರಲ್ಲಿ ಹಿರಗಾನದ 46 ಅಕ್ಷರ ಕಲಿತು, ಮೂರನೇ ವಾರಕ್ಕೆ ಕನ್ನಡ ಲಿಪಿಯನ್ನೂ ಬಿಡುವುದು ನಾನು ಅನುಸರಿಸಿದ ಕ್ರಮ.

ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಗ ಒಂದು ಬದಲಿ ಪಿರಿಯಡ್ ಸಿಕ್ಕಿತು. ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಬೋರ್ಡಿನ ಮೇಲೆ ‘ಕೊರೆ – ಇದು, ಸೊರೆ – ಅದು, ದೊರೆ – ಯಾವುದು’ ಎಂದು ಬರೆದೆ. ದೊರೆಗೆ ಒಂದು ಸುತ್ತು ನಗು ಆಯಿತು. ಕೆಳಗೆ ‘ಕೊಕೊ – ಇಲ್ಲಿ, ಸೊಕೊ – ಅಲ್ಲಿ’ ಎಂದು ಬರೆದು ‘ಎಲ್ಲಿ’ಗೆ ಏನಿರಬಹುದು ಎಂದು ಕೇಳಿದೆ. ‘ದೊಕೊ, ಮಿಸ್!’ ಎಂದು ಹಿಂದಿನ ಬೆಂಚಿನಿಂದ ಬಂತು. ಕೊನೊ, ಸೊನೊ ಕೊಟ್ಟರೆ ‘ಯಾವ’ ಎಂಬುದಕ್ಕೆ ‘ದೊನೊ’ವನ್ನೂ ಅವರೇ ಕಟ್ಟಿದರು. ನಿಯಮವನ್ನು ನಾನು ಹೇಳಲೇ ಇಲ್ಲ. ಜಪಾನಿಯಲ್ಲಿ ಇನ್ನೂ ದೂರದ್ದಕ್ಕೆ ‘ಅರೆ’ ಎಂಬ ಮೂರನೆಯದೊಂದಿದೆ, ಅದು ನಮ್ಮಲ್ಲಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಅಲ್ಲಿನ ಕನ್ನಡ ಮೇಷ್ಟ್ರು ತಲೆಯೆತ್ತಿ, ‘ಹಳಗನ್ನಡದಲ್ಲಿ ಇತ್ತಲ್ಲಮ್ಮ, ಇದು, ಉದು, ಅದು’ ಎಂದರು. ವಿಜ್ಞಾನದವಳಿಗೆ ಅದು ಹೊಸ ಪಾಠ. ವ್ಯಾಕರಣ ಎಂದರೆ ನಾಲ್ಕು ಅಂಕದ ಪ್ರಶ್ನೆ ಎಂದುಕೊಂಡಿದ್ದ ಆ ತರಗತಿ ಅಂದು ತನ್ನ ಮಾತನ್ನೇ ಬೇರೆ ಕಣ್ಣಿಂದ ನೋಡಿತು.

ಕನ್ನಡ ಎಲ್ಲ ಕಡೆಗೂ ದಾರಿ ತೋರಿಸುವುದಿಲ್ಲ, ನಿಜ. ಕಾಂಜಿ ಲಿಪಿಗೆ ಇಲ್ಲಿಂದ ಯಾವ ಸಹಾಯವೂ ಇಲ್ಲ. ನಿತ್ಯಬಳಕೆಗೆಂದು ಜಪಾನ್ ಸರ್ಕಾರ ಪಟ್ಟಿಮಾಡಿರುವ ಚಿಹ್ನೆಗಳೇ 2,136. ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳೇ ಆರು ವರ್ಷದಲ್ಲಿ 1,026 ಕಲಿಯುತ್ತಾರೆ. ಅದು ದಿನಕ್ಕಿಷ್ಟು ಎಂದು ಬರೆದು ಬರೆದು ಬರಬೇಕಾದದ್ದು. ಅದಕ್ಕಾಗಿಯೇ ವ್ಯಾಕರಣದ ಕೆಲಸವನ್ನು ಇಲ್ಲೇ ಕನ್ನಡದಲ್ಲಿ ಬೇಗ ಮುಗಿಸಿ, ಅಲ್ಲಿನ ದುಬಾರಿ ಗಂಟೆಗಳನ್ನು ಕಾಂಜಿಗೂ ಮಾತಿಗೂ ಉಳಿಸಿಕೊಳ್ಳಬೇಕು ಎನ್ನುತ್ತೇನೆ.

ಕೆಲಸವೊಂದೇ ಗುರಿಯಾದವರಿಗೆ ಭಾಷಾ ಶಾಲೆಯೇ ಬೇಕಿಲ್ಲ ಎಂಬುದನ್ನೂ ಶಿಕ್ಷಕರು ಹೇಳಬಲ್ಲವರಾಗಿರಬೇಕು. 2019ರಲ್ಲಿ ಜಪಾನ್ ಶುರುಮಾಡಿದ ‘ನಿರ್ದಿಷ್ಟ ಕೌಶಲ’ ವೀಸಾಕ್ಕೆ ಭಾರತದೊಡನೆ 2021ರ ಜನವರಿಯಲ್ಲಿ ಒಪ್ಪಂದವಾಗಿದೆ. ಎನ್4 ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆ ಮತ್ತು ಆಯಾ ಕ್ಷೇತ್ರದ ಕೌಶಲ ಪರೀಕ್ಷೆ ಪಾಸಾಗಿ, ಅಲ್ಲಿನ ಸಂಸ್ಥೆಯೊಂದು ಕೆಲಸಕ್ಕೆ ತೆಗೆದುಕೊಂಡರೆ, ನೇರ ಸಂಬಳಕ್ಕೇ ಹೋಗಬಹುದು. ಶಿಕ್ಷಕರಾಗುವ ನಮಗೂ ಒಂದು ದಾರಿಯಿದೆ: ಜಪಾನ್ ಸರ್ಕಾರದ ಶಿಕ್ಷಕ ತರಬೇತಿ ವಿದ್ಯಾರ್ಥಿವೇತನ. ಐದು ವರ್ಷ ಸೇವೆಯಾದ, 35 ದಾಟದ ಶಿಕ್ಷಕರಿಗೆ ಒಂದೂವರೆ ವರ್ಷ, ಅದರಲ್ಲಿ ಸುಮಾರು ಆರು ತಿಂಗಳು ಭಾಷಾ ಕಲಿಕೆಯೇ. ನನಗೀಗ 25. ಬೇಗ ಕೆಲಸ ಸಿಕ್ಕರೆ ವಯಸ್ಸಿನ ಲೆಕ್ಕ ಸರಿಹೋಗುತ್ತದೆ.

‘ಜಪಾನಿ ಬಾರದ ನಾವು ಏನು ಕಲಿಸಬೇಕು?’ ಎಂದು ಸಹಪಾಠಿಗಳು ಕೇಳಿದ್ದಾರೆ. ಜಪಾನಿ ಕಲಿಸುವುದು ಬೇಡ. ಕನ್ನಡ ಬೋಧನಾ ವಿಧಾನದ ಪಾಠ ಯೋಜನೆಗಳಲ್ಲಿ ವರ್ಷಕ್ಕೆ ಒಂದೆರಡಾದರೂ ಕನ್ನಡವನ್ನು ಮತ್ತೊಂದು ಭಾಷೆಯ ಪಕ್ಕದಲ್ಲಿಟ್ಟು ನೋಡುವಂಥವು ಇರಲಿ. ನಮ್ಮ ಕಾಲೇಜಿನಲ್ಲಿ ಶನಿವಾರ ಒಂದು ಗಂಟೆ ಬಿಡುವು ಕೊಟ್ಟರೆ, ಆಸಕ್ತಿಯಿರುವವರು ಸೇರಿ ಹಿರಗಾನದಿಂದ ಶುರುಮಾಡಬಹುದು. ಪಾಠವನ್ನು ಎಲ್ಲರೂ ಸರದಿಯಲ್ಲಿ ಮಾಡಿದರೆ ಬೋಧನಾಭ್ಯಾಸವೂ ಆಯಿತು. ಪೂರ್ತಿ ಹೊಸ ವಿಷಯ ಕಲಿಯುವ ಮಗುವಿನ ಜಾಗದಲ್ಲಿ ಕೂತು ನೋಡುವ ಅವಕಾಶ ಬಿ.ಇಡಿ.ಯಲ್ಲಿ ನಮಗೆ ಬೇರೆಲ್ಲಿ ಸಿಕ್ಕಿದೆ?

ಕಳೆದ ವರ್ಷ ಅರಕಲಗೂಡು ಕಡೆಯ ಒಬ್ಬರು ಮನೆಗೆ ಬಂದಿದ್ದರು. ಮಗಳದ್ದು ಬಿ.ಎಸ್ಸಿ. ಆಗಿದೆ, ಏಜೆಂಟ್ ಮುಂಗಡ ಕೇಳುತ್ತಿದ್ದಾನೆ. ‘ಏನವ್ವ, ನಿನ್ ತಮ್ಮ ಅಲ್ಲೇ ಅವ್ನಲ್ಲ. ಶುಂಠಿ ದುಡ್ಡು ಬಂದದೆ, ಕಟ್ಬುಡ್ಲಾ?’ ಎಂದರು. ಮೇಲಿನ ಲೆಕ್ಕವನ್ನೇ ಒಂದು ಹಾಳೆಯ ಮೇಲೆ ಹಾಕಿ ತೋರಿಸಿ, ಒಂದು ವರ್ಷ ತಡೆಯಿರಿ ಎಂದೆ. ಅವರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮಗಳು ಈಗ ಊರಲ್ಲೇ ಕೂತು ಕಲಿಯುತ್ತಿದ್ದಾಳೆ. ಹಿರಗಾನ ಮುಗಿಸಿ ಕತಕಾನಕ್ಕೆ ಬಂದಿದ್ದಾಳೆ, ಬರೆದದ್ದರ ಫೋಟೊ ಕಳಿಸುತ್ತಾಳೆ. ‘ಶಿ’ ಮತ್ತು ‘ತ್ಸು’ ಇನ್ನೂ ಅದಲುಬದಲಾಗುತ್ತಿವೆ.